ವೆರ್ಲನ್ ಬಿಟ್ಟುಕೊಟ್ಟ ಜಾಗ

ವೆರ್ಲನ್ ಟ್ಯಾಕೆಟ್ ನನ್ನ ಗೆಳೆಯ. ಆದರೂ ಅವನನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಇಬ್ಬರೂ ಒಹಾಯೋದ ಒಂದೇ ಊರಿನವರು, ಇಬ್ಬರಿಗೂ ಬೇಕಾದವಳು ಅದೇ ಊರಿನ ಆಯ್ಡಾ. ೧೯೪೪ರಲ್ಲಿ ಪೆಸಿಫಿಕ್ಕಿನ ಒಂದು ದ್ವೀಪದೆದುರು ಲಂಗರು ಹಾಕಿದ್ದ ನೌಕಾಪಡೆಯ ಮದ್ದುಗುಂಡಿನ ಹಡಗಿನಲ್ಲಿ ನಾವಿಬ್ಬರೂ ಬಾಂಬು ಇಳಿಸುತ್ತಿದ್ದೆವು. ಟಪಾಲು ಬಂದರೆ ಅವಳಿಂದ ನನಗೊಂದು ಪತ್ರ, ಅವನಿಗೆ ಮೂರು. ಅವನ್ನು ನನಗೇ ಓದಿ ಹೇಳುತ್ತಿದ್ದ, ಪುಣ್ಯಾತ್ಮ!

ನವೆಂಬರಿನ ಒಂದು ಬೆಳಿಗ್ಗೆ ದಡಕ್ಕೆ ಹೊರಟ ದೋಣಿಯಲ್ಲಿ ಅವನು ಆಗಲೇ ಕೂತಿದ್ದ.

"ಏನೋ, ಮದುವೆ ಗಂಡಿನ ಥರ ತಲೆ ಬಾಚ್ಕೊಂಡಿದೀಯ?" ಅಂದೆ.

"ಆಗೋನೇ ಕಣೋ! ನನ್ನ ಮದ್ವೆ ಆಗ್ತೀಯಾ ಅಂತ ಆಯ್ಡಾಗೆ ಇವತ್ತು ತಂತಿ ಕಳಿಸ್ತೀನಿ."

ನನ್ನ ಮೈಯೆಲ್ಲ ಉರಿದುಹೋಯಿತು. ದೋಣಿ ತುಂಬಿತ್ತು. ಆದರೆ ನಮ್ಮ ಹಡಗಿನಲ್ಲೊಂದು ಕಟ್ಟುಪಾಡು: ಕಾಯಿಲೆಯವನು ಬಂದರೆ ಸ್ವಂತ ಕೆಲಸದವನು ಎದ್ದು ಜಾಗ ಬಿಡಬೇಕು. ಸ್ವಂತ ಕೆಲಸಕ್ಕೆ ಹೊರಟವನು ಅವನೊಬ್ಬನೇ. ನಾನು ಕೆನ್ನೆ ಹಿಡಿದುಕೊಂಡು ನರಳಿದೆ.

"ಅಯ್ಯೋ, ಹಲ್ಲಾ? ಬಾರೋ, ಕೂತ್ಕೋ. ತಂತಿಗೇನು, ನಾಳೆ ಕಳಿಸಿದ್ರಾಯ್ತು," ಎಂದು ಕೈಹಿಡಿದು ನನ್ನನ್ನು ಕೂರಿಸಿ, ಏಣಿ ಹತ್ತಿ ಹಡಗಿಗೆ ಹಿಂತಿರುಗಿದ. ಆ ಒಳ್ಳೆಯತನವನ್ನೂ ನನಗೆ ಸಹಿಸಲಾಗಲಿಲ್ಲ. ಅವನಿಗಿಂತ ಮೊದಲು ನಾನೇ ತಂತಿ ಕಳಿಸುವವನಿದ್ದೆ.

ಆದರೆ ದೋಣಿಯ ಅಧಿಕಾರಿ ನನ್ನನ್ನು ನೇರವಾಗಿ ದಡದ ಗುಡಾರದಲ್ಲಿದ್ದ ಹಲ್ಲಿನ ಡಾಕ್ಟರ ಮುಂದೆ ಕೂರಿಸಿದ.

"ಯಾವ್ದಯ್ಯಾ ನೋಯ್ತಿರೋದು?"

ಬಾಯಿಗೆ ಬಂದ ಸುಳ್ಳಿಗೆ ಹಲ್ಲು ತೆರಲೇಬೇಕಲ್ಲ! ಗಟ್ಟಿಮುಟ್ಟಾದ ಒಂದು ದವಡೆಹಲ್ಲನ್ನು ತೋರಿಸಿದೆ. ಅದು ಕಿತ್ತು ಬರುವುದಕ್ಕೂ ನೆಲ ಅದುರಿ ಗುಡಾರ ನಮ್ಮ ಮೇಲೆ ಬೀಳುವುದಕ್ಕೂ ಸರಿಹೋಯಿತು. ರಕ್ತ ಉಗುಳುತ್ತ ನೀರಿನಂಚಿಗೆ ಓಡಿದೆ. ಮದ್ದುಗುಂಡೆಲ್ಲ ಸಿಡಿದು, ನಮ್ಮ ಹಡಗಿದ್ದಲ್ಲಿ ಹೊಗೆ ಬಿಟ್ಟರೆ ಏನೂ ಇರಲಿಲ್ಲ. ಮುನ್ನೂರು ಜನರಲ್ಲಿ ದೋಣಿಯಲ್ಲಿದ್ದ ಹನ್ನೆರಡು ಮಂದಿ ಉಳಿದೆವು.

ಮೂರನೆಯ ದಿನ ನಾನು ತಂತಿ ಕಳಿಸಿದೆ. ವೆರ್ಲನ್ ಸತ್ತನೆಂದಲ್ಲ, ನನ್ನ ಮದುವೆ ಆಗ್ತೀಯಾ ಎಂದು.

ಯುದ್ಧ ಮುಗಿದ ಮೇಲೆ ಆಯ್ಡಾ ಒಪ್ಪಿದಳು. ವೆರ್ಲನ್ ಅದನ್ನೇ ಕೇಳಲು ಹೊರಟಿದ್ದನೆಂದು ನಾನು ಹೇಳಲಿಲ್ಲ. ಹಲ್ಲುನೋವಿಗೆ ಜಾಗ ಬಿಟ್ಟುಕೊಟ್ಟನೆಂದಷ್ಟೇ ಹೇಳಿದೆ. ಗಂಡುಮಗು ಹುಟ್ಟಿದಾಗ ಅವಳು ಕಣ್ಣೊರೆಸಿಕೊಂಡು, "ಅವನು ಎದ್ದು ಜಾಗ ಕೊಡದೇ ಇದ್ದಿದ್ರೆ ನೀನೆಲ್ಲಿರ್ತಿದ್ದೆ ಹೇಳು? ಇವನಿಗೆ ಅವನದೇ ಹೆಸರು," ಎಂದಳು.

ಬೇಡವೆಂದು ಯಾವ ಬಾಯಿಂದ ಹೇಳಲಿ? ಈಗ ದಿನಕ್ಕೆ ನೂರು ಸಲ, "ಬಾರೋ ನನ್ನ ವೆರ್ಲನ್," ಎಂದು ಅವಳು ಅವನನ್ನು ಎದೆಗವಚಿಕೊಳ್ಳುತ್ತಾಳೆ. ಹೆತ್ತ ಮಗನ ಮೇಲೆ ಮತ್ಸರಪಡುವ ತಂದೆ ಈ ಊರಿನಲ್ಲಿ ನಾನೊಬ್ಬನೇ ಇರಬೇಕು.