ದೋಷ ಕಂಡುಬಂದಿಲ್ಲ

ಸಮತಾಳಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಆದರೆ ಅವಳ ದನಿ ಮಾತ್ರ ಎಷ್ಟು ಸಮಾಧಾನದ್ದೆಂದರೆ, ಪರಿಸರ ನಿಗಾ ಮಂಡಳಿಯವರು ಆ ದನಿಗಾಗಿಯೇ ಅವಳನ್ನು ಗುತ್ತಿಗೆ ಮೇಲೆ ಇಟ್ಟುಕೊಂಡಿದ್ದರು. ಯಾವ ಕೆರೆಯ ನೀರು ಹೇಗಿದೆ, ಯಾವ ಊರಲ್ಲಿ ದೂಳು ಹೆಚ್ಚಿದೆ ಎಂದು ವಾರಕ್ಕೊಮ್ಮೆ ಮೊಬೈಲಿಗೆ ಹೇಳಿ ವಾಟ್ಸಾಪ್ ಗುಂಪುಗಳಿಗೆ ಕಳಿಸುವುದು ಅವಳ ಕೆಲಸ. ಬರೆದು ಕಳಿಸಿದರೆ ಓದುವವರು ಯಾರು? ಕುರಿ ಹಿಂದೆ ಅಡ್ಡಾಡುವವರಿಗೆ ಬಿಡುವಾಗಿರುವುದು ಕಿವಿಯೊಂದೇ. ಹಾಗಾಗಿ ಕೂಡ್ಲಿಗಿಯಿಂದ ಹಡಗಲಿವರೆಗೆ ಅವಳ ಮುಖ ನೋಡದವರಿಗೂ ಅವಳ ದನಿ ಗೊತ್ತಿತ್ತು.

ಈ ವರ್ಷ ಮಂಡಳಿ ಹೊಸ ಕಾರ್ಯಕ್ರಮ ತಂದಿತು: ‘ನಮ್ಮ ಹಳ್ಳ, ನಮ್ಮ ಕಣ್ಣು’. ಜನರೇ ಬಾಟಲಿಯಲ್ಲಿ ನೀರು ಹಿಡಿದು ಕೊಡಬೇಕು, ಮಂಡಳಿ ಪರೀಕ್ಷೆ ಮಾಡಿಸಿ ಫಲಿತಾಂಶ ಹೇಳಬೇಕು. ಹರಪನಹಳ್ಳಿ ಕಡೆಯ ಒಂದು ಹಳ್ಳದ ಬಾಟಲಿ ಕುರಿ ಕಾಯುವ ಜಂಬಕ್ಕನ ಪಾಲಿಗೆ ಬಂತು. ಆ ಹಳ್ಳದ ಮೇಲ್ಗಡೆ ಜೀನ್ಸ್ ಬಟ್ಟೆ ತೊಳೆಯುವ ಶೆಡ್ಡೊಂದು ಶುರುವಾದಾಗಿನಿಂದ ಅವಳ ಗಬ್ಬದ ಕುರಿಗಳು ತಿಂಗಳು ತುಂಬುವ ಮೊದಲೇ ಕಂದು ಹಾಕುತ್ತಿದ್ದವು. ನೀರಿನದೋ ರೋಗದ್ದೋ ಯಾರಿಗೂ ಗೊತ್ತಿಲ್ಲ. ಜಂಬಕ್ಕ ಉಳಿದವನ್ನು ದೂರದಲ್ಲಿದ್ದ ಓಬಳೇಶನೆಂಬ ರೈತನ ಹೊಲದ ತೊಟ್ಟಿಗೆ ಹೊಡೆದುಕೊಂಡು ಹೋಗಿ ನೀರು ಕುಡಿಸುತ್ತಿದ್ದಳು.

ಸಮತಾ ಬಾಟಲಿ ಇಸಿದುಕೊಳ್ಳಲು ಹೋದಾಗ ಅದರೊಳಗಿನ ನೀರು ಕೆಂಪಗಿತ್ತು.

“ಏನ್ ಹಾಕೀರಿ ಯಕ್ಕಾ ಇದಕ್ಕ?”

“ಮೈಲಾರಲಿಂಗನ ಭಂಡಾರ ಒಂದ್ ಚಿಟಿಕಿ. ನಮ್ಮೊಳಗ ಭಂಡಾರ ಮುಟ್ಟಿದವ್ರು ಸುಳ್ಳಾಡಂಗಿಲ್ಲ ತಂಗಿ. ನೀರೂ ಸುಳ್ಳಾಡಬಾರ್ದಲ್ಲ. ಹಾಕಿದ್ದ ತಡ, ನೋಡು, ಕೆಂಪಾತು.”

ಸಮತಾಳ ಮನೆಯಲ್ಲಿ ಬುದ್ಧನ ಫೋಟೊ ಬಿಟ್ಟರೆ ಬೇರೆ ದೇವರಿಲ್ಲ. ಭಂಡಾರ ಅವಳಿಗೆ ಬರೀ ಅರಿಶಿನದ ಪುಡಿ. ಸಿಟ್ಟು ನೆತ್ತಿಗೇರಿತು. “ನೀರು ಬಿಟ್ರ ಏನೂ ಹಾಕಬ್ಯಾಡ್ರಿ ಅಂತ ಎಷ್ಟ್ ಸಾರಿ ಹೇಳೀನಿ? ದೇವ್ರು ಹೇಳಂಗಿಲ್ಲ ಯಕ್ಕಾ, ಪರೀಕ್ಷಿ ಹೇಳತೈತಿ. ನಮ್ಮ ಸುದ್ದಿ ನಂಬ್ರಿ.”

“ಆತು ಬಿಡವ್ವ. ನಿನ್ನ ಸುದ್ದಿ ಬರೂತನ ಇವನ್ನ ಹಳ್ಳಕ್ಕ ಬಿಡಂಗಿಲ್ಲ,” ಎಂದಳು ಜಂಬಕ್ಕ, ಬೈಸಿಕೊಂಡ ಮಗುವಿನ ಹಾಗೆ.

ಮತ್ತೊಂದು ಬಾಟಲಿ ಹಿಡಿಯೋಣವೆಂದರೆ ಹಳ್ಳಕ್ಕೆ ಹೋಗಿ ಬರುವಷ್ಟರಲ್ಲಿ ಕಚೇರಿಯಿಂದ ಲ್ಯಾಬಿಗೆ ಹೋಗುವ ವ್ಯಾನು ಹೊರಟುಬಿಡುತ್ತಿತ್ತು. ಅದು ತಿರುಗಿ ಬರುವುದು ಮುಂದಿನ ತಿಂಗಳು. ಸಮತಾ ಅದೇ ಬಾಟಲಿ ಹಿಡಿದು ಕಚೇರಿಗೆ ಬಂದಳು. ದಾರಿಯುದ್ದಕ್ಕೂ ಆ ಕೆಂಪು ಕಣ್ಣಿಗೆ ಕಟ್ಟಿತ್ತು. ಅರಿಶಿನದ ನೀರಿಗೆ ಸುಣ್ಣ ಬೆರೆತರೆ ಕೆಂಪಾಗುವುದು ಆರತಿ ತಟ್ಟೆ ನೋಡಿದ ಯಾರಿಗಾದರೂ ಗೊತ್ತು. ಹಳ್ಳದ ನೀರಿನಲ್ಲಿ ಸುಣ್ಣವೋ ಸೋಡಾವೋ, ಏನೋ ಇದ್ದೇ ಇದೆ.

ಹಗರಿಬೊಮ್ಮನಹಳ್ಳಿಯ ಕಚೇರಿಯಲ್ಲಿ ಅಧಿಕಾರಿ ನಾಗೇಂದ್ರಪ್ಪ ಎಲ್ಲವನ್ನೂ ಕೇಳಿಸಿಕೊಂಡ. ಕೆಟ್ಟವನಲ್ಲ, ಮೇಲಿನವರ ಫೋನಿಗೆ ಹೆದರಿ ಹೆದರಿ ಸುಸ್ತಾದವನು. “ಅರಿಶಿಣ ಬಿದ್ದ ನೀರು ಲ್ಯಾಬಿನವ್ರು ಮುಟ್ಟಂಗಿಲ್ಲಮ್ಮ. ಮಾದರಿ ತಿರಸ್ಕೃತ.”

“ಹಂಗಂತ ಹೇಳ್ಲಾ ಸರ್?”

“ಹಂಗಂದ್ರ ಕಾರ್ಯಕ್ರಮಾನ ಫೇಲಾತು ಅಂತ ಮ್ಯಾಲಿನವ್ರು ನನ್ನ ಜೀವ ತಿಂತಾರ. ಈ ವಾರ ದೋಷ ಕಂಡುಬಂದಿಲ್ಲ ಅನ್ನು. ಸುಳ್ಳೇನಲ್ಲ. ನೋಡೇ ಇಲ್ಲ ಅಂದಮ್ಯಾಲೆ ಕಾಣೋದೆಲ್ಲಿಂದ?”

ಅವಳು ವಾದ ಮಾಡಿದಳು. ಅವನು ಗುತ್ತಿಗೆ ಮುಗಿಯುತ್ತಾ ಬಂದಿರುವುದನ್ನು ಮೆಲ್ಲಗೆ ನೆನಪಿಸಿದ. ಮರುದಿನ ಮುಂಜಾನೆ ಅವಳು ದೋಷ ಕಂಡುಬಂದಿಲ್ಲ ಎಂದು ಒಂದೇ ಉಸಿರಿನಲ್ಲಿ ಸುದ್ದಿ ಹೇಳಿ ಕಳಿಸಿಬಿಟ್ಟಳು.

ಕಳಿಸಿದ್ದೇ ತಡ, ಸುದ್ದಿ ಬರುವವರೆಗೆ ಕುರಿ ಹಳ್ಳಕ್ಕೆ ಬಿಡುವುದಿಲ್ಲ ಎಂದಿದ್ದ ಜಂಬಕ್ಕನ ಮಾತು ನೆನಪಾಯಿತು. ಚಹಾ ತಂದಿಟ್ಟರೆ ಕುಡಿಯಲಿಲ್ಲ. ಫೈಲು ತೆಗೆದಳು, ಮುಚ್ಚಿದಳು. ಸಂದೇಶ ಅಳಿಸಿ ಹಾಕಿದಳು. ಅಷ್ಟರಲ್ಲಿ ಅದು ನಾಲ್ಕಾರು ಗುಂಪು ಸುತ್ತಾಡಿ ಬಂದಿತ್ತು. ಜಂಬಕ್ಕನಿಗೆ ಫೋನು ಮಾಡಿದರೆ ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂಬ ಉತ್ತರ. ಮತ್ತೆ ಮಾಡಿದಳು, ಅದೇ ಉತ್ತರ. ನಾಗೇಂದ್ರಪ್ಪನಿಗೆ ಹೇಳದೆ ಬ್ಯಾಗು ಹೆಗಲಿಗೇರಿಸಿ ಬಸ್ ಸ್ಟ್ಯಾಂಡಿಗೆ ನಡೆದಳು.

ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ಬಾಗಿಲ ಹತ್ತಿರವೇ ನಿಂತಳು. ಕೈ ಮಾಡಿದ ಕಡೆಯಲ್ಲೆಲ್ಲ ನಿಲ್ಲಿಸುವ ಡ್ರೈವರನ ಮೇಲೆ, ಇಳಿಯುವಾಗ ಚೀಲ ಹುಡುಕುವ ಮುದುಕನ ಮೇಲೆ ಹಲ್ಲು ಕಡಿದಳು. ನಿಜವಾಗಿ ಅವಳಿಗೆ ಹೆದರಿಕೆಯಾಗಿತ್ತು. ಜಂಬಕ್ಕ ಇನ್ನೂ ಸುದ್ದಿ ಕೇಳಿರಬಾರದು ಎಂದು ಯಾರನ್ನು ಬೇಡಿಕೊಳ್ಳಬೇಕೋ ತಿಳಿಯದೆ ಬರೀ ಬೇಡಿಕೊಂಡಳು.

ಹರಪನಹಳ್ಳಿಯಲ್ಲಿ ಇಳಿದು, ಆಟೊ ಹಿಡಿದು, ಜಾಲಿಗಿಡಗಳ ನಡುವಿನ ಕಾಲುದಾರಿಯಲ್ಲಿ ಓಡಿದಳು. ಕುರಿಗಳು ಹಳ್ಳದಲ್ಲಿದ್ದವು. ಮುಂದಿನವು ಕುಡಿದು ದಡ ಹತ್ತಿದ್ದವು, ಹಿಂದಿನವು ಇಳಿಯುತ್ತಿದ್ದವು.

“ಬಾ ತಂಗಿ, ಚಲೋ ಸುದ್ದಿ ಹೇಳಿದಿ,” ಎಂದಳು ಜಂಬಕ್ಕ ನಗುತ್ತಾ.

“ಹಿಂದಕ್ಕ ಹೊಡೀರಿ ಯಕ್ಕಾ. ಆ ನೀರು ಚಲೋ ಇಲ್ಲ.”

ಜಂಬಕ್ಕ ಸಿಳ್ಳೆ ಹಾಕಿ, ಕೋಲು ಅಡ್ಡ ಹಿಡಿದು ಹಿಂದಿನವನ್ನು ಮೇಲೆ ಹೊಡೆದಳು. ಸಮತಾ ಕೆಸರಿಗಿಳಿದು ನೀರಿಗೆ ಬಾಯಿ ಹಾಕಿದವನ್ನು ತಳ್ಳಿದಳು. ಎಲ್ಲ ದಡಕ್ಕೆ ಬಂದ ಮೇಲೆ ಜಂಬಕ್ಕ ಅವಳ ಕಡೆ ತಿರುಗಿದಳು.

“ಮುಂಜಾನಿ ಎರಡು ಸರ್ತಿ ಕೇಳೀನಿ ನಿನ್ನ ಮಾತು. ಬಾಟ್ಲಿ ಕೆಂಪಾದಾಗ ನನಗ ಅಂಜಿಕಿ ಬಂದಿತ್ತು. ದೇವ್ರು ಹೇಳಂಗಿಲ್ಲ, ಪರೀಕ್ಷಿ ಹೇಳತೈತಿ ಅಂದಿ. ದೇವರ್ನ ಬಿಟ್ಟು ನಿನ್ನ ನಂಬಿದೆ.”

“ಪರೀಕ್ಷಿ ಮಾಡೇ ಇಲ್ಲ ಯಕ್ಕಾ,” ಎಂದಳು ಸಮತಾ. ನೆಟ್‌ವರ್ಕು ಹುಡುಕಿಕೊಂಡು ದಿಬ್ಬ ಹತ್ತಿ, ಮೊಬೈಲು ಬಾಯಿಗೆ ಹಿಡಿದಳು. ದನಿ ನಡುಗುತ್ತಿತ್ತು. “ನಾನು ಸಮತಾ. ಮುಂಜಾನಿ ಹರಪನಹಳ್ಳಿ ಕಡಿ ಜೀನ್ಸ್ ಶೆಡ್ಡಿನ ಹಳ್ಳದ ಬಗ್ಗಿ ಹೇಳಿದ್ದು ಖರೇ ಅಲ್ಲ. ನೀರು ಪರೀಕ್ಷಿ ಆಗಿಲ್ಲ. ದನಾ ಕುರಿ ಯಾರೂ ಬಿಡಬ್ಯಾಡ್ರಿ.” ಎಲ್ಲ ಗುಂಪುಗಳಿಗೂ ಕಳಿಸಿದಳು. ಸ್ವಲ್ಪ ಹೊತ್ತಿಗೆ ನಾಗೇಂದ್ರಪ್ಪನ ಫೋನು ಬಂತು, ಎತ್ತಲಿಲ್ಲ. ಮತ್ತೆ ಬಂತು.

ಕೆಳಗೆ ಜಂಬಕ್ಕ ಕುಡಿದ ಕುರಿಗಳನ್ನು ಬೇರೆ ಮಾಡಿ ನಿಲ್ಲಿಸಿದ್ದಳು. ಒಂದೊಂದರ ಹೊಟ್ಟೆ ಮುಟ್ಟಿ ನೋಡುತ್ತಿದ್ದಳು. ಗಬ್ಬದವು ಅದರಲ್ಲೇ ಹೆಚ್ಚಿದ್ದವು.

“ಈಗ ಹೇಳಿದ್ದು ಯಾರ ಮಾತು?” ಎಂದು ಸಮತಾ ಇಳಿದು ಬಂದಾಗ ತಲೆ ಎತ್ತದೆ ಕೇಳಿದಳು.

“ನಂದ ಯಕ್ಕಾ. ಯಾರೂ ಹೇಳಿಕೊಟ್ಟಿಲ್ಲ.”

“ಹಂಗಾರ ಇಲ್ಲೇ ಇರು. ಇವು ಬೆಳಗಾಗೂದ್ರಾಗ ಏನಾಗ್ತಾವ ನಿನ್ನ ಕಣ್ಣೀಲೆ ನೋಡು. ಆಮ್ಯಾಲೆ ಅದನ್ನೂ ಎಲ್ಲಾರಿಗೂ ಹೇಳು.”