ಬಳ್ಳಿಯನ್ನು ಎಬ್ಬಿಸುವ ಕೈಗಳು

ಮೇಸ್ತ್ರಿ ಆ ಮಾತನ್ನು ಎಲ್ಲರ ಎದುರಿಗೇ ಆಡಿದ. ಮಧ್ಯಾಹ್ನದ ಊಟ ಮುಗಿಸಿ ಹೆಂಗಸರು ದ್ರಾಕ್ಷಿ ಚಪ್ಪರದ ಕೆಳಗೆ ಮರಳುತ್ತಿದ್ದರು. ಅತ್ತೆ ಮಾತ್ರ ಸಾಲಿನ ನಡುವೆ ಕಂಬ ಹಿಡಿದು ಕೂತುಬಿಟ್ಟಿದ್ದರು. ಮುಖ, ಕುತ್ತಿಗೆ ಕೆಂಪಗಾಗಿತ್ತು. ಎದೆ ಬಡಿದುಕೊಳ್ಳುವುದು ಬಟ್ಟೆಯ ಮೇಲಿಂದಲೇ ಕಾಣುತ್ತಿತ್ತು. ಸೊಸೆ ಓಡಿಬಂದು ತಲೆ ಹಿಡಿಯುವಷ್ಟರಲ್ಲಿ ವಾಂತಿಯಾಯಿತು. ಮೇಸ್ತ್ರಿ ಹತ್ತಿರಕ್ಕೂ ಬರಲಿಲ್ಲ.

“ಈ ವಯಸ್ಸಿಗೆ ಇದೊಂದು ಬಾಕಿ ಇತ್ತಾ? ಕುಡಿದು ಬರೋರಿಗೆ ನನ್ನ ಸಾಲಲ್ಲಿ ಕೆಲಸ ಇಲ್ಲ. ಮನೆಗೆ ಎತ್ತಾಕ್ಕೊಂಡು ಹೋಗು,” ಎಂದು ಸೊಸೆಗೆ ಹೇಳಿದ.

ಹೆಂಡದ ವಾಸನೆ ಬಂದರೆ ಮೂಗು ಮುಚ್ಚಿಕೊಂಡು ಬೀದಿಯ ಆಚೆ ಬದಿಗೆ ಹೋಗುವವರು ಅತ್ತೆ. ಯಾರ ಮನೆಯಲ್ಲಿ ಗಂಡಸು ಕುಡಿದು ಕೂಗಾಡಿದರೂ ಹೋಗಿ ಬಾಗಿಲು ಬಡಿದು, ಅವನ ಜನ್ಮ ಜಾಲಾಡಿ ಬರುತ್ತಿದ್ದರು. ಅಂಥವರ ಹೆಸರು ಒಂದೇ ಮಾತಿಗೆ ಮಣ್ಣುಪಾಲಾಯಿತು. ಜೊತೆಗೆ ಕೆಲಸವೂ ಹೋಯಿತು.

ಅವರು ಮಾಡುತ್ತಿದ್ದ ಕೆಲಸವಾದರೂ ಏನು? ದ್ರಾಕ್ಷಿ ಬಳ್ಳಿಗೂ ನಿದ್ದೆ ಬೇಕು. ಎಲೆ ಉದುರಿಸಿ ಚಳಿಯಲ್ಲಿ ಮಲಗುತ್ತದೆ. ಬೇಕಾದಷ್ಟು ಚಳಿ ಸಿಕ್ಕಿದ ಮೇಲೆ, ಬಿಸಿಲು ಏರಿದಾಗ, ಕಡ್ಡಿಯ ಗೆಣ್ಣಿನಲ್ಲಿರುವ ಮೊಗ್ಗುಗಳು ಒಟ್ಟಿಗೆ ಒಡೆಯುತ್ತವೆ. ತೋಟದವರು ಈ ಮೊಗ್ಗನ್ನು ಕಣ್ಣು ಎನ್ನುತ್ತಾರೆ. ಚಳಿ ಸಾಲದ ಕಡೆ ಬಳ್ಳಿಗೆ ನಿದ್ದೆಯೂ ಅರ್ಧ, ಎಚ್ಚರವೂ ಅರ್ಧ. ತುದಿಯ ಕಣ್ಣು ಚಿಗುರಿದರೂ ನಡುವಿನದು ಮಲಗಿಯೇ ಇರುತ್ತದೆ. ಒಂದು ಗೊಂಚಲು ಹಣ್ಣಾಗುವಾಗ ಪಕ್ಕದ್ದು ಇನ್ನೂ ಹುಳಿ ಕಾಯಿ. ಅದಕ್ಕೇ ಕಡ್ಡಿ ಕತ್ತರಿಸಿದ ಒಂದೆರಡು ದಿನದೊಳಗೆ ಕಣ್ಣುಗಳಿಗೆ ಒಂದು ಔಷಧಿ ಹಚ್ಚುತ್ತಾರೆ. ಅದರ ನಿಜವಾದ ಹೆಸರು ಹೆಂಗಸರಿಗೆ ಗೊತ್ತಿಲ್ಲ. ಡಬ್ಬಿ ಶೆಡ್ಡಿನೊಳಗೆ ಬೀಗದಲ್ಲಿರುತ್ತದೆ, ಅವರ ಕೈಗೆ ಬರುವುದು ಕಲಸಿದ ಬಕೆಟ್ ಮಾತ್ರ. ಅವರ ಬಾಯಲ್ಲಿ ಅದು ‘ಎಬ್ಬಿಸೋ ಔಷಧಿ’. ಸ್ಪಂಜನ್ನು ಅದರಲ್ಲಿ ಅದ್ದಿ, ಒಂದೊಂದು ಕಣ್ಣಿಗೂ ಒತ್ತುತ್ತಾ ಹೋಗಬೇಕು. ಬರಿಗೈಯಲ್ಲಿ. ಔಷಧಿ ಮೊಣಕೈವರೆಗೆ ಇಳಿಯುತ್ತದೆ.

ಹಿಂದಿನ ದಿನ ಸೊಸೆ ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡಾಗ ಮೊದಲು ನಕ್ಕವರು ಅತ್ತೆಯೇ. ರಾಣಿಯಮ್ಮನವರು ತೋಟ ನೋಡಲು ದಯಮಾಡಿಸಿದ್ದಾರೆ ಎಂದು ಸಾಲಿಗೆಲ್ಲ ಕೇಳುವಂತೆ ಹೇಳಿದ್ದರು. ಬೆರಳಿಗೆ ಕಣ್ಣು ತಗುಲದೆ ಕೆಲಸ ಹೇಗಾಗುತ್ತದೆ ಎಂಬುದು ಅವರ ವಾದ.

ಮನೆಗೆ ಕರೆತಂದು ಚಾಪೆಯ ಮೇಲೆ ಮಲಗಿಸುವಷ್ಟರಲ್ಲಿ ಸುದ್ದಿ ವೆಲ್ಡಿಂಗ್ ಅಂಗಡಿಯಲ್ಲಿದ್ದ ಮಗನಿಗೆ ಮುಟ್ಟಿತ್ತು. ಅವನು ಚಪ್ಪಲಿಯನ್ನೂ ಬಿಡದೆ ಒಳಗೆ ಬಂದ, ಬಗ್ಗಿದ, ತಾಯಿಯ ಬಾಯಿ ಮೂಸಿದ. ಅತ್ತೆ ಗೋಡೆಯ ಕಡೆ ಮುಖ ತಿರುಗಿಸಿಕೊಂಡರು. ಸೊಸೆಗೆ ಮೈಯೆಲ್ಲ ಉರಿದುಹೋಯಿತು.

“ಮೂಸಿದ್ದಾಯ್ತಾ? ಈಗ ಆಟೋ ಕರೀರಿ,” ಎಂದಳು.

ಆರೋಗ್ಯ ಕೇಂದ್ರದಲ್ಲಿ ಡಾಕ್ಟರು ಬಂದು ಪರೀಕ್ಷಿಸಿ, ಸಂಜೆಯವರೆಗೆ ಮಲಗಿರಲಿ ಎಂದರು. ನರ್ಸ್ ಸಣ್ಣ ವಯಸ್ಸಿನವಳು. ಅವಳು ರಕ್ತದೊತ್ತಡ ನೋಡುತ್ತಾ ಯಾವ ಕೆಲಸ ಎಂದು ವಿಚಾರಿಸಿದಳು. ಸೊಸೆ ಹೇಳಿದಳು. ನರ್ಸ್ ಮತ್ತೆ, ಬೆಳಗ್ಗೆಯಿಂದ ಏನು ಕುಡಿದಿರಿ ಎಂದು ಕೇಳಿದಳು.

“ನೀನೂ ಅದನ್ನೇ ಕೇಳ್ತೀಯಲ್ಲ ತಾಯಿ,” ಎಂದರು ಅತ್ತೆ. ಅಷ್ಟು ಹೊತ್ತು ತಡೆದುಕೊಂಡಿದ್ದ ಅಳು ಆಗ ಬಂತು.

“ಅಮ್ಮಾ, ನಾನು ಹೆಂಡದ ಮಾತಾಡ್ತಿಲ್ಲ. ಟಾನಿಕ್ಕು, ಸಿರಪ್ಪು, ಏನಾದ್ರೂ?”

ಊಟವಾದ ಮೇಲೆ ಕೆಮ್ಮಿನ ಸಿರಪ್ ಕುಡಿದಿದ್ದರು. ಅಂಗಡಿಯಲ್ಲಿ ಕೇಳಿ ತಂದದ್ದು, ಬಾಟಲಿಯಿಂದಲೇ ಎರಡು ಗುಟುಕು. ಕೆಲವು ಸಿರಪ್ಪುಗಳಲ್ಲಿ ಮದ್ಯಸಾರ ಇರುತ್ತದೆ ಎಂದು ನರ್ಸ್ ಬಿಡಿಸಿ ಹೇಳಿದಳು. ಎಬ್ಬಿಸೋ ಔಷಧಿ ಚರ್ಮದ ಮೂಲಕವೂ ಮೈಯೊಳಗೆ ಇಳಿಯುತ್ತದೆ. ಇಳಿದ ಮೇಲೆ ಮದ್ಯಸಾರವನ್ನು ಅರಗಿಸುವ ಶಕ್ತಿ ದೇಹಕ್ಕೆ ಕೆಲವು ದಿನ ಇರುವುದಿಲ್ಲ. ಆಗ ಸ್ವಲ್ಪ ಒಳಗೆ ಹೋದರೂ ಮುಖ ಕೆಂಪಾಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ವಾಂತಿಯಾಗುತ್ತದೆ, ರಕ್ತದೊತ್ತಡ ಕುಸಿಯುತ್ತದೆ. ಜಾಸ್ತಿ ಹೋದರೆ ಜೀವಕ್ಕೇ ಅಪಾಯ. ಕಡ್ಡಿ ಕತ್ತರಿಸುವ ಕಾಲದಲ್ಲಿ ಗಂಡಸರು ಹೀಗಾಗಿ ಬರುವುದನ್ನು ಅವಳು ನೋಡಿದ್ದಳು. ಅವರಿಗೂ ಜನ ಕುಡುಕರೆಂದೇ ಬೈದು ಕಳಿಸುತ್ತಿದ್ದರು.

ನರ್ಸ್ ಮಗನ ಕಡೆ ತಿರುಗಿದಳು. “ಬಾಯಿ ಮೂಸೋ ಬದಲು ಅಮ್ಮನ ಕೈ ನೋಡಿದ್ರೆ ಸಾಕಿತ್ತಲ್ಲ,” ಎಂದಳು.

ಅಂಗೈ ಬಿಚ್ಚಿಸಿ ತೋರಿಸಿದಳು. ಬೆರಳ ತುದಿಯ ಚರ್ಮ ಬೆಳ್ಳಗೆ ಸುಲಿದಿತ್ತು, ಮಣಿಕಟ್ಟಿನ ಸುತ್ತ ಕೆಂಪು ಗಂಧೆ. ಮಗ ತಲೆ ತಗ್ಗಿಸಿದ. ಅತ್ತೆ ಮಾತ್ರ ಬಗ್ಗಲಿಲ್ಲ. ಕೆಲಸದ ಕೈ ಹೀಗೇ ಇರುವುದು, ಇಷ್ಟು ವರ್ಷ ಇದೇ ಕೈಯಲ್ಲಿ ಹಚ್ಚಿಲ್ಲವೇ ಎಂದು ಅಳುವಿನ ನಡುವೆಯೂ ಪಟ್ಟು ಹಿಡಿದರು.

ಸೊಸೆಗೆ ತಡೆಯಲಾಗಲಿಲ್ಲ. “ಅತ್ತೆ, ಔಷಧಿ ಸ್ವಲ್ಪ ಗಟ್ಟಿಯಾದ್ರೆ ಬಳ್ಳಿ ಕಣ್ಣಿಗೆ ಏನಾಗುತ್ತೆ? ನೀವೇ ಹೇಳ್ಕೊಟ್ಟಿದ್ದು.”

“ಸುಟ್ಟು ಕರಕಲಾಗುತ್ತೆ.”

“ಚಳಿಗೆ ಅಂತ ಅಷ್ಟು ಸಿಪ್ಪೆ ಹೊದ್ದು ಮಲಗಿರೋ ಕಣ್ಣೇ ಸುಟ್ಟುಹೋದ್ರೆ, ನಿಮ್ಮ ಚರ್ಮ ಏನು ಮರದ ತೊಗಟೆನಾ?”

ಅತ್ತೆ ತಮ್ಮ ಕೈಯನ್ನು ಬೇರೆ ಯಾರದೋ ಎಂಬಂತೆ ನೋಡಿಕೊಂಡರು. ಆಮೇಲೆ, ಇದೆಲ್ಲ ಮೇಸ್ತ್ರಿಗೆ ಗೊತ್ತಿತ್ತೇ ಎಂದು ಕೇಳಿದರು. ಡಬ್ಬಿಯ ಮೇಲೆ ಬರೆದಿರುತ್ತದೆ ಎಂದಳು ನರ್ಸ್: ದಪ್ಪ ಕೈಗವಸು, ತುಂಬು ತೋಳಿನ ಬಟ್ಟೆ, ಮದ್ಯ ಕೂಡದು. ಅತ್ತೆ ಮಂಚದ ಮೇಲೆ ಎದ್ದು ಕೂತರು. ಮೇಸ್ತ್ರಿ ಶೆಡ್ಡಿನಲ್ಲಿ ಔಷಧಿ ಕಲಸುವಾಗ ಮೊಣಕೈವರೆಗೆ ರಬ್ಬರ್ ಕೈಗವಸು ಹಾಕಿಕೊಳ್ಳುವುದನ್ನು ಅವರು ಎಷ್ಟೋ ಸಲ ಕಂಡಿದ್ದರು. ಅಂಗಿಯ ತೋಳು ಕೊಳೆಯಾಗದಿರಲಿ ಎಂದು ಹಾಕಿಕೊಳ್ಳುತ್ತಾನೆ ಎಂದೇ ತಿಳಿದಿದ್ದರು.

ಸಂಜೆ ಮನೆಗೆ ಮರಳಿದರು. ತೋಟದ ಬಟ್ಟೆಗಳನ್ನು ಬೇರೆ ನೀರಲ್ಲಿ, ಬೇರೆಯಾಗಿ ಒಗೆಯಬೇಕು ಎಂದು ನರ್ಸ್ ಹೇಳಿದ್ದಳು. ಮಗ ತಾನೇ ಬಕೆಟ್ ತುಂಬಿಸಿ ಒಗೆಯಲು ಕೂತ. ತೋಳು ಸರಿಯಾಗಿ ಉಜ್ಜು ಎಂದು ಅತ್ತೆ ಒಳಗಿನಿಂದ ಹೇಳಿದರು. ಆ ದಿನ ಅವನಿಗೆ ಸಿಕ್ಕ ಮಾತು ಅಷ್ಟೇ.

ಮರುದಿನ ಬೆಳಗ್ಗೆ ಅತ್ತೆ ತೋಟಕ್ಕೆ ಹೋದರು, ಕೆಲಸಕ್ಕಲ್ಲ. ಚರ್ಮ ಮಾಯುವವರೆಗೆ ಔಷಧಿಯ ಹತ್ತಿರ ಸುಳಿಯಬಾರದೆಂದು ಡಾಕ್ಟರು ಹೇಳಿದ್ದರು. ಸೊಸೆ ಸಾಲಿನ ಹೆಂಗಸರಿಗೆ ಎಲ್ಲವನ್ನೂ ಬಿಡಿಸಿ ಹೇಳಿದಳು. ಬಕೆಟ್ ಬಂದು ನೆಲದ ಮೇಲೆ ಕೂತಿತು. ಹೆಂಗಸರೂ ಕೂತರು. ಸ್ಪಂಜನ್ನು ಯಾರೂ ಮುಟ್ಟಲಿಲ್ಲ.

ಮೇಸ್ತ್ರಿ ಮೊದಲು ಗದರಿಸಿದ, ಆಮೇಲೆ ಬೇರೆ ಜನರನ್ನು ಕರೆಸುತ್ತೇನೆ ಎಂದ. ಆದರೆ ಕಡ್ಡಿ ಕತ್ತರಿಸಿದ ಬಳ್ಳಿ ಚಪ್ಪರದಲ್ಲಿ ಕಾಯುತ್ತಿತ್ತು. ಅವತ್ತು ಹಚ್ಚದಿದ್ದರೆ ಕಣ್ಣು ಮನಸ್ಸು ಬಂದಂತೆ ಒಡೆಯುತ್ತದೆ, ಬೆಳೆ ಅಡ್ಡಾದಿಡ್ಡಿಯಾಗುತ್ತದೆ. ಅದು ಅವನಿಗೂ ಗೊತ್ತಿತ್ತು, ಕೂತವರಿಗೂ ಗೊತ್ತಿತ್ತು. ಕೊನೆಗೆ ಹಣ್ಣು ತುಂಬುವ ಕೋಣೆಯಿಂದ ತೆಳು ಕೈಗವಸಿನ ಪೆಟ್ಟಿಗೆ ತಂದು ಇಟ್ಟ. ದ್ರಾಕ್ಷಿಯ ಮೇಲೆ ತಾನಾಗಿ ಮೂಡುವ ಬಿಳಿ ಪುಡಿ ಅಳಿಸಿಹೋಗಬಾರದೆಂದು ಕೊಯ್ಲಿನಲ್ಲಿ ಕೊಡುವಂಥವು.

ಅತ್ತೆ ಒಂದನ್ನು ಎತ್ತಿ ಬೆಳಕಿಗೆ ಹಿಡಿದರು. “ಹಣ್ಣಿನ ಪುಡಿ ಉಳಿಸೋಕೆ ಪೆಟ್ಟಿಗೆಗಟ್ಟಲೆ ಗ್ಲೌಸು ತರಿಸ್ತೀಯ. ನಮ್ಮ ಚರ್ಮ ಆ ಪುಡಿಗಿಂತ ಕಡೆಯಾಯ್ತಾ? ನೀನು ಹಾಕ್ಕೊಳ್ಳೋ ಅಂಥದ್ದು ತಗೊಂಡು ಬಾ.”

ದಪ್ಪ ಕೈಗವಸು ಬರುವಾಗ ಬಿಸಿಲು ನೆತ್ತಿಗೇರಿತ್ತು. ಹೆಂಗಸರು ಎದ್ದು ತೊಟ್ಟುಕೊಂಡರು. ಅತ್ತೆ ಮಾತ್ರ ಸಾಲಿಗೆ ಅಡ್ಡ ನಿಂತು ದಾರಿ ಬಿಡಲಿಲ್ಲ. ನಿನ್ನೆ ಅಂದ ಮಾತನ್ನು ಅದೇ ಜನರ ಮುಂದೆ ವಾಪಸ್ ತೆಗೆದುಕೊಳ್ಳಬೇಕು ಎಂದರು. ಮೇಸ್ತ್ರಿ ಚಪ್ಪರದ ಕಡೆ ನೋಡುತ್ತಾ ಏನೋ ಗೊಣಗಿದ.

“ಕುಡಿದು ಬಂದಿದಾಳೆ ಅಂತ ನೀನು ಅಂದಿದ್ದು ಬಳ್ಳಿಗಲ್ಲ, ನನಗೆ. ನನ್ನ ಮುಖ ನೋಡಿ ಹೇಳು.”

ಅವನು ಹೇಳಿದ. “ಅಕ್ಕ, ನೀವು ಕುಡಿದಿರಲಿಲ್ಲ. ನನ್ನದೇ ತಪ್ಪು.” ಅತ್ತೆ ಪಕ್ಕಕ್ಕೆ ಸರಿದರು. ಸಾಲಿನ ಕೆಲಸ ಶುರುವಾಯಿತು.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕ, ತಂಗಿ, ಅಣ್ಣ: ನೀವು ತೋಟಕ್ಕೆ ಹೋಗುವವರಾದರೆ ನಿಮ್ಮ ಬಕೆಟ್ಟಿನಲ್ಲಿ ಇರುವುದೇನು ಎಂದು ಕೇಳಿ, ಡಬ್ಬಿ ತೋರಿಸಿ ಎನ್ನಿ. ಮೊಣಕೈ ಮುಚ್ಚುವ ರಬ್ಬರ್ ಕೈಗವಸು, ತುಂಬು ತೋಳು, ಕಣ್ಣಿಗೆ ಕನ್ನಡಕ ಇಲ್ಲದೆ ಸ್ಪಂಜು ಹಿಡಿಯಬೇಡಿ. ಊಟಕ್ಕೆ, ಮಗುವನ್ನು ಎತ್ತಿಕೊಳ್ಳುವುದಕ್ಕೆ ಮೊದಲು ಸೋಪು ಹಚ್ಚಿ ಕೈ ತೊಳೆದು ಬಟ್ಟೆ ಬದಲಿಸಿ. ಔಷಧಿ ಹಚ್ಚುವ ಹಿಂದಿನ ದಿನದಿಂದ, ಮುಗಿದು ಒಂದು ವಾರ ಕಳೆಯುವವರೆಗೆ ಮದ್ಯ ಮುಟ್ಟಬೇಡಿ. ಸಿರಪ್ ಬೇಕಾದರೆ ನಿಮ್ಮ ಕೆಲಸ ಏನೆಂದು ಮೊದಲು ಡಾಕ್ಟರಿಗೆ ಹೇಳಿ, ಆಮೇಲೆ ತೆಗೆದುಕೊಳ್ಳಿ. ಮುಖ ಕೆಂಪಾಗಿ ಎದೆ ಬಡಿದುಕೊಂಡರೆ ನಾಚಿಕೊಂಡು ಮನೆಯಲ್ಲಿ ಮಲಗಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.

ಕೈಗವಸು ಕೊಡುವುದು ಯಾರ ದಯೆಯೂ ಅಲ್ಲ. ಅಂಗಲಾಚಬೇಡಿ, ಹಕ್ಕಿನಿಂದ ಕೇಳಿ. ಒಬ್ಬರೇ ಕೇಳಿದರೆ ಮನೆಗೆ ಕಳಿಸುತ್ತಾರೆ. ಸಾಲಿಗೆ ಸಾಲೇ ಕೂತು ಕೇಳಿ.