ಎಳ್ಳುಂಡಿ ಪ್ಯಾಸೆಂಜರ್

ಆದೋನಿಯ ಆ ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಮಷೀನುಗಳಿಗೆ ದೊಡ್ಡ ಶೆಡ್ಡು, ಹತ್ತಿಗೆ ಅದಕ್ಕಿಂತ ದೊಡ್ಡ ಗೋದಾಮು. ಆಫೀಸಿಗೆ ಮಾತ್ರ ಹಿಂದಿನದೊಂದು ಕೋಣೆ. ಅಲ್ಲಿ ಫೋನಿನ ಮುಂದೆ ಕಾವೇರಿಬಾಯಿ ಕೂರುತ್ತಿದ್ದಳು. ಧಾರವಾಡದಲ್ಲಿ ಬಿ.ಎ. ಮುಗಿಸಿ, ಲಗ್ನವಾಗಿ ಈ ಊರಿಗೆ ಬಂದವಳು. ಗಾಡಿ ಎಲ್ಲಿಗೆ ಹೋಗಬೇಕು, ಫಿಟ್ಟರ್ ಯಾವಾಗ ಬರಬೇಕು, ಯಾವ ಊರಿನ ಹೆಂಗಸರಿಗೆ ಕೆಲಸವಿದೆ ಎಂದು ಹೇಳಿ ಕಳಿಸುವುದು ಅವಳ ಪಾಲಿನದು. ಮ್ಯಾನೇಜರ್ ವಿಠ್ಠಲರಾಯರಿಗೆ ಅದು ಕೆಲಸವೆಂದೇ ಅನಿಸುತ್ತಿರಲಿಲ್ಲ. ಬೀಜ ಬಿಡಿಸುವುದು ಮಷೀನು, ಫೋನೆತ್ತಲು ವಾಚ್‌ಮನ್ ಸಾಕು ಎನ್ನುತ್ತಿದ್ದರು.

ಸಂಕ್ರಾಂತಿಗೆ ಮುಂಚೆ ಮಷೀನಿನ ಬೆಲ್ಟು ಹರಿದು ಮಿಲ್ಲು ನಿಂತಿತು. ಸೋಮವಾರ ಗುಂತಕಲ್ಲಿನ ಅಂಗಡಿಯವನ ಟ್ರಂಕಾಲ್ ಬಂತು. ತೆಲುಗಿನವನು, ಈಕೆಗೆ ತೆಲುಗು ಬಾರದೆಂದು ಪಾಪ, ತಾನೇ ಕನ್ನಡ ಜೋಡಿಸಿಕೊಂಡು ಹೇಳಿದ: "ಬೆಲ್ಟು ಎಲ್ಲುಂಡಿ ಪ್ಯಾಸೆಂಜರಿಗೆ ಹಾಕ್ತೀನಮ್ಮಾ."

ಕರಕರ ಸದ್ದಿನಲ್ಲಿ ಅವಳಿಗೆ ಕೇಳಿಸಿದ್ದು ಎಳ್ಳುಂಡಿ. ಹಬ್ಬವೆಂದು ಬೆಲ್ಟಿನ ಜೊತೆ ಉಂಡಿಯನ್ನೂ ಕಳಿಸುತ್ತಿದ್ದಾನೆ, ಎಂಥ ಒಳ್ಳೆಯವನು ಎಂದುಕೊಂಡಳು. ದಿನ ಹೇಳಲಿಲ್ಲವೆಂದರೆ ನಾಳೆಯೇ ಎಂದು ತಿಳಿದು, ಮರುದಿನದ ಪ್ಯಾಸೆಂಜರ್ ರೈಲಿಗೆ ಗಾಡಿ ಗೊತ್ತುಮಾಡಿ, ಫಿಟ್ಟರನನ್ನೂ ಕೌತಾಳಂ ಕಡೆಯ ಹೆಂಗಸರನ್ನೂ ಬರಹೇಳಿದಳು.

ಮಂಗಳವಾರ ಗಾಡಿ ಬರಿದಾಗಿ ವಾಪಸು ಬಂತು. ಬಸ್ಸಿಳಿದ ಹೆಂಗಸರು ಗೇಟಿನ ಮುಂದೆ ಬಿಸಿಲಿಗೆ ನಿಂತರು. ಅವರ ಮುಂದಾಳು ಗಾದಿಲಿಂಗಮ್ಮ ವಿಚಾರ ಕೇಳಿ ಸೆರಗು ಬಾಯಿಗಿಟ್ಟು ನಕ್ಕಳು. "ಯಕ್ಕಾ, ತೆಲುಗಿನಾಗ ಎಲ್ಲುಂಡಿ ಅಂದ್ರ ನಾಡಿದ್ದು. ತಿನ್ನಾದಲ್ಲ."

ವಿಠ್ಠಲರಾಯರು ನಗಲಿಲ್ಲ. ಫೋನನ್ನು ವಾಚ್‌ಮನ್ ಸುಂಕಣ್ಣನ ಗುಡಿಸಲಿಗೆ ಹಾಕಿಸಿ, ಕಾವೇರಿಬಾಯಿಯ ಕೋಣೆಯಲ್ಲಿ ಹತ್ತಿಬೀಜ ತುಂಬಿಸುವುದಾಗಿ ಹೇಳಿದರು. ಸುಂಕಣ್ಣ ತಲೆ ಕೆರೆದುಕೊಂಡ. "ನನಗ ಕಿವಿ ಮಂದ ಐತ್ರಿ ಧಣೇರ." ಸ್ಟೇಷನ್ನಿನ ಸಿಳ್ಳೆ ಕೇಳಿಯೇ ರೈಲು ಯಾವುದೆಂದು ಹೇಳುವ ಮನುಷ್ಯ ಅವನು. ಹಾಗಾದರೆ ಹಬ್ಬ ಕಳೆಯಲಿ, ಬೇರೆಯವನನ್ನು ನೋಡಿದರಾಯಿತು ಎಂದು ರಾಯರು ಒಳಗೆ ಹೋದರು.

ಕಾವೇರಿಬಾಯಿ ಹೆಂಗಸರನ್ನು ಬೇವಿನ ನೆರಳಿಗೆ ಕರೆದು ಚಹಾ ತರಿಸಿದಳು. ತಪ್ಪು ತನ್ನದೆಂದು ಮರೆಮಾಚದೆ ಹೇಳಿದಳು. ಆಮೇಲೆ ಗಾದಿಲಿಂಗಮ್ಮನನ್ನು ಪಕ್ಕದಲ್ಲೇ ಕೂರಿಸಿಕೊಂಡು ಗುಂತಕಲ್ಲಿಗೆ ಟ್ರಂಕಾಲ್ ಬುಕ್ ಮಾಡಿದಳು. ಲೈನು ಸಿಕ್ಕಾಗ ಬೆಲ್ಟು, ವಾರ, ರೈಲು ಒಂದೊಂದನ್ನೂ ಕನ್ನಡದಲ್ಲಿ ತಾನು, ತೆಲುಗಿನಲ್ಲಿ ಗಾದಿಲಿಂಗಮ್ಮ ಕೇಳಿ, ಅಂಗಡಿಯವನಿಂದಲೇ ತಿರುಗಿ ಹೇಳಿಸಿದರು. ಬುಧವಾರ, ಬೆಳಗಿನ ಪ್ಯಾಸೆಂಜರು. ಸ್ಟೇಷನ್ನಿನ ಪಾರ್ಸಲ್ ಆಫೀಸಿಗೆ ತಾನೇ ನಡೆದುಹೋಗಿ, ಬಂದ ತಕ್ಷಣ ಬೆಲ್ಟು ಇಳಿಸಿಕೊಡಬೇಕೆಂದು ಕೇಳಿಕೊಂಡಳು.

"ಈ ಸಲ ಖರೇನೇನ್ ಯಕ್ಕಾ?" ಬಸ್ಸು ಹತ್ತುವಾಗ ಗಾದಿಲಿಂಗಮ್ಮ ಕೇಳಿದಳು.

"ಖರೆ. ಬಾರದಿದ್ರ ನಾಳೆ ನಾನೂ ನಿಮ್ಮ ಜೋಡಿ ಬಿಸಿಲಾಗ ನಿಂದರ್ತೀನಿ."

ಬುಧವಾರ ಬೆಲ್ಟು ಇಳಿಯಿತು. ಗಾಡಿ ಕಾದಿತ್ತು, ಫಿಟ್ಟರ್ ಸಾಮಾನು ಬಿಚ್ಚಿಕೊಂಡು ಕೂತಿದ್ದ, ಬೆಲ್ಟು ಕೂರಿಸುವ ಹೊತ್ತಿಗೆ ಕೌತಾಳಂ ಬಸ್ಸು ಬಂತು. ವಿಠ್ಠಲರಾಯರು ಮಿಲ್ಲೆಲ್ಲ ಒಂದು ಸುತ್ತು ಹಾಕಿದರು. ಬೈಯಲು ಏನೂ ಸಿಗಲಿಲ್ಲ. ಯಾರೂ ಯಾರಿಗೂ ಕಾಯುತ್ತಿರಲಿಲ್ಲ. ಹಿಂದಿನ ಕೋಣೆಯ ಬಾಗಿಲಿಗೆ ಬಂದರು.

"ಬೀಜ ಗೋದಾಮಿನಾಗ ಇರ್ಲಿ," ಎಂದರು. "ಸುಂಕಣ್ಣಗ ಹೆಂಗೂ ಕಿವಿ ಕೇಳಂಗಿಲ್ಲಂತ."

ಮಧ್ಯಾಹ್ನ ಗಾದಿಲಿಂಗಮ್ಮ ಒಳಗೆ ಬಂದಳು. ಸೆರಗಿನ ಗಂಟು ಬಿಚ್ಚಿ, ಮನೆಯಲ್ಲಿ ಕಟ್ಟಿದ ಎಳ್ಳುಂಡಿ ಮೇಜಿನ ಮೇಲಿಟ್ಟಳು.

"ನಿನ್ನ ಪಾರ್ಸಲ್ ಬಂತು ನೋಡಕ್ಕ."

ಕಾವೇರಿಬಾಯಿ ಒಂದನ್ನು ಬಾಯಿಗಿಟ್ಟುಕೊಂಡಳೋ ಇಲ್ಲವೋ, ಫೋನು ಬಡಿದುಕೊಂಡಿತು. ಅವಸರದಲ್ಲಿ ನುಂಗಿ, ಬಂದ ಮಾತು ಪೂರ್ತಿ ಕೇಳಿ, ನೆಟ್ಟಗೆ ಕೂತು ಹೇಳಿದಳು: "ಇನ್ನೊಮ್ಮೆ ಹೇಳ್ರಿ. ಯಾವ ವಾರ?"